ಅಂಗಡಿಯ ‘ಹಾರುವ ಅಳಿಲು’ ನಮ್ಮ ಮರಗಳಿಗೆ ಬೇಡ

ಮಾನ್ಯ ಸಂಪಾದಕರೇ,

ನಮ್ಮ ಬಳ್ಳಾರಿಯ ಪೆಟ್ ಶಾಪ್ ಒಂದರಲ್ಲಿ ‘ಹಾರುವ ಅಳಿಲು’ ಎಂದು ಹೇಳಿ ಒಂದು ಪ್ರಾಣಿ ಮಾರುತ್ತಿದ್ದಾರೆ. ಬೂದು ಮೈ, ಬೆನ್ನ ಮೇಲೊಂದು ಕಪ್ಪು ಗೆರೆ, ದೊಡ್ಡ ದೊಡ್ಡ ಕಣ್ಣು. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ನಾನು ಪಾಠ ಮಾಡುವ ಶಾಲೆಯ ಹುಡುಗನೊಬ್ಬನ ಮನೆಗೂ ಒಂದು ಬಂದಿದೆ. ಮುಂದೆ ಸಾಕೋಕೆ ಆಗದಿದ್ದರೆ ಏನು ಮಾಡ್ತೀರಿ ಎಂದು ಅವನ ತಂದೆಯನ್ನು ಕೇಳಿದೆ. ‘ಅದರಾಗೇನದ ಮೇಡಂ, ದರೋಜಿ ಕಡೆ ಗುಡ್ಡಕ್ಕೆ ಒಯ್ದು ಬಿಟ್ರಾಯ್ತು, ಆರಾಮ ಇರ್ತದ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ನನಗೆ ಭಯವಾಗಿದ್ದೂ ಅದಕ್ಕೇ.

ಅದು ಅಳಿಲೇ ಅಲ್ಲ. ಶುಗರ್ ಗ್ಲೈಡರ್. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುತ್ತದೆ. ಹಗಲೆಲ್ಲ ಮಲಗಿ ರಾತ್ರಿ ಓಡಾಡುತ್ತದೆ, ಗುಂಪಿನಲ್ಲೇ ಬದುಕುತ್ತದೆ. ಮರದ ರಸ, ಹೂವಿನ ಮಕರಂದ, ಹುಳ ಹುಪ್ಪಟೆ ಇದರ ಊಟ. ಇಂಥದ್ದನ್ನು ಒಂಟಿಯಾಗಿ ಪಂಜರದಲ್ಲಿಟ್ಟು ಬರೀ ಹಣ್ಣು, ಬಿಸ್ಕತ್ತು ಕೊಟ್ಟರೆ ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿ ಹಿಂಗಾಲು ಬಿದ್ದುಹೋಗುತ್ತವೆ. ಮಕ್ಕಳಿಗೆ ಆಟಿಕೆ ಕೊಡಿಸಿದಂತೆ ಕೊಡಿಸುವ ಪ್ರಾಣಿ ಇದಲ್ಲ.

ಇನ್ನು ಹೊರಗೆ ಬಿಟ್ಟರೆ ಏನಾಗುತ್ತದೆ? ಆಸ್ಟ್ರೇಲಿಯಾದ್ದೇ ಆದ ಟಾಸ್ಮೇನಿಯಾ ದ್ವೀಪವನ್ನು ನೋಡಿ. ಅಲ್ಲಿ ಶುಗರ್ ಗ್ಲೈಡರ್ ಇರಲಿಲ್ಲ. 19ನೇ ಶತಮಾನದಲ್ಲಿ ಜನರೇ ಒಯ್ದರು. ಅಲ್ಲಿ ಮರದ ಪೊಟರೆಯಲ್ಲಿ ಗೂಡು ಮಾಡುವ ಸ್ವಿಫ್ಟ್ ಪ್ಯಾರಟ್ ಎಂಬ ಗಿಳಿಯಿದೆ. ರಾತ್ರಿ ಗ್ಲೈಡರ್ ಪೊಟರೆಗೆ ನುಗ್ಗಿ ಮೊಟ್ಟೆ ತಿನ್ನುತ್ತದೆ, ಮರಿ ತಿನ್ನುತ್ತದೆ, ಕಾವಿಗೆ ಕೂತ ತಾಯಿಯನ್ನೂ ಬಿಡುವುದಿಲ್ಲ. ಆ ಗಿಳಿ ಈಗ ಅಳಿವಿನ ಅಂಚಿಗೆ ಬಂದಿದೆ.

ನಮ್ಮಲ್ಲೂ ಗಿಳಿ, ಮೈನಾ, ಹಾಲಕ್ಕಿ, ಚಂದ್ರಮುಕುಟ ಎಲ್ಲವೂ ಪೊಟರೆಯನ್ನೇ ನಂಬಿವೆ. ಪೊಟರೆ ಆಗುವುದು ಹಳೆಯ ಬೇವಿನಲ್ಲಿ, ಹುಣಸೆಯಲ್ಲಿ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವವೂ ಅವೇ ಮರಗಳು. ಉಳಿದ ನಾಲ್ಕು ಪೊಟರೆಗಳಿಗೂ ಹೊಸ ಬೇಟೆಗಾರನನ್ನು ಕಳಿಸಬೇಕಾ?

ಹೊರಗಿನ ಪ್ರಾಣಿ ಎಂದರೆ ಬೇರೆ ದೇಶದ ಕೆಟ್ಟ ಪ್ರಾಣಿ ಎಂದೇನಲ್ಲ. ನಮ್ಮ ದೇಶದ ಐದು ಪಟ್ಟೆಯ ಅಳಿಲೇ 1898ರಲ್ಲಿ ಆಸ್ಟ್ರೇಲಿಯಾದ ಪರ್ತ್ ಮೃಗಾಲಯದಿಂದ ಹೊರಬಿದ್ದು ಅಲ್ಲಿ ಬೇರೂರಿತು. ಬ್ರಿಟನ್ನಿನಲ್ಲಿ 1876ರಲ್ಲಿ ಚಂದಕ್ಕೆಂದು ಅಮೆರಿಕದ ಬೂದು ಅಳಿಲು ತಂದು ಬಿಟ್ಟರು. ಅದು ಹೊತ್ತು ತಂದ ಸಿಡುಬಿನಂಥ ರೋಗ ಅದಕ್ಕೇನೂ ಮಾಡುವುದಿಲ್ಲ. ಅಲ್ಲಿನ ಕೆಂಪು ಅಳಿಲು ಮಾತ್ರ ಸಾಯುತ್ತದೆ. ಇಂಗ್ಲೆಂಡಿನ ಹೆಚ್ಚಿನ ಭಾಗದಲ್ಲಿ ಕೆಂಪು ಅಳಿಲು ಈಗ ಕಾಣುವುದೇ ಇಲ್ಲ.

ಮಕ್ಕಳಿಗೆ ಅಳಿಲು ಬೇಕು ಅಂದ್ರೆ ಅಂಗಳದಲ್ಲೇ ಇದೆ ಅಲ್ವಾ? ರಾಮನ ಬೆರಳಿನ ಗುರುತು ಎಂದು ಅಜ್ಜಿಯರು ಹೇಳುವ ಮೂರು ಪಟ್ಟೆಯದು. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಹಿತ್ತಲಿಗೆ ಬಂದು ನೋಡಬೇಕು. ಅಂಡಿಗೆಯಿಂದ ಹತ್ತಿ ಎಳೆದು, ಮುಂಗಾಲಲ್ಲಿ ಉಂಡೆ ಮಾಡಿ, ಬಾಯಲ್ಲಿ ಕಚ್ಚಿಕೊಂಡು ಹಂಚಿನ ಸಂದಿಗೆ ಓಡುತ್ತದೆ. ಅದರೊಳಗೆ ನಾರು, ಹಳೆ ಬಟ್ಟೆಯ ಎಳೆ ಸೇರಿಸಿ ಮರಿಗಳಿಗೆ ಮೆತ್ತೆ ಮಾಡುತ್ತದೆ. ಬೆಕ್ಕು ಕಂಡರೆ ಬಾಲ ಕುಣಿಸುತ್ತ ಇಡೀ ಓಣಿಗೆ ಕೇಳುವಂತೆ ಚಿಪ್ ಚಿಪ್ ಎಂದು ಕೂಗುತ್ತದೆ. ಪಂಜರ ಬೇಡ, ದುಡ್ಡು ಬೇಡ. ಒಂದು ಬೇವಿನ ಮರ ಉಳಿಸಿದರೆ ಸಾಕು.

ಪೆಟ್ ಶಾಪ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದು 2018ರ ನಿಯಮವೇ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಅಂಗಡಿಗಳು ಮಾಡಿಸಿವೆ ಎಂದು ಅಧಿಕಾರಿಗಳು ಒಮ್ಮೆ ಹೋಗಿ ನೋಡಲಿ. ಹಾನಿ ಮಾಡುವ ಹೊರಗಿನ ಜೀವಿಗಳ ಆಮದು, ಮಾರಾಟ ತಡೆಯುವ ಅಧಿಕಾರವನ್ನು 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಶುಗರ್ ಗ್ಲೈಡರ್ ವಿಷಯದಲ್ಲಿ ಅದನ್ನು ಬಳಸಬೇಕು. ಈಗಾಗಲೇ ಕೊಂಡವರಲ್ಲಿ ಒಂದು ವಿನಂತಿ: ಸಾಕಲು ಆಗದಿದ್ದರೆ ಗುಡ್ಡಕ್ಕೂ ಬೇಡ, ತೋಟಕ್ಕೂ ಬೇಡ. ಮೊದಲು ಪಶುವೈದ್ಯರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ.

– ಒಬ್ಬ ವಿಜ್ಞಾನ ಶಿಕ್ಷಕಿ, ಬಳ್ಳಾರಿ