‘ನಮ್ಮಂಥವರ ಕೈಲಿ ಏನಾಗುತ್ತೆ’ ಅನ್ನುವವರಿಗೆ

ಮಾನ್ಯ ಸಂಪಾದಕರೇ,

ಯುದ್ಧದ ಸುದ್ದಿ ಬಂದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲರೂ ಸೇನಾಧಿಪತಿಗಳೇ. ‘ಒಂದು ಅಣುಬಾಂಬ್ ಹಾಕಿ ಮುಗಿಸಿಬಿಡಿ’ ಅಂತ ಸಲೀಸಾಗಿ ಬರೆಯುತ್ತಾರೆ, ಆಮೇಲೆ ಗಾಳಿ ಯಾವ ಕಡೆ ಬೀಸುತ್ತೆ ಅನ್ನೋ ಯೋಚನೆಯೂ ಇರಲ್ಲ. ಯಾರಾದರೂ ಶಾಂತಿ, ನಿಶ್ಶಸ್ತ್ರೀಕರಣ ಅಂತ ಬಾಯಿಬಿಟ್ಟರೆ ಬರುವ ಉತ್ತರ ಒಂದೇ. ‘ಸುಮ್ನಿರಪ್ಪಾ, ಅದೆಲ್ಲ ದೊಡ್ಡವರ ವ್ಯವಹಾರ, ನಮ್ಮಂಥವರ ಕೈಲಿ ಏನಾಗುತ್ತೆ?’ ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆ. ಇದು ನಿಜ ಅಲ್ಲ.

ಬೆಂಗಳೂರಿನಲ್ಲೇ ಶುರುವಾದ ಒಂದು ಕತೆ ಇದೆ. 1961ರಲ್ಲಿ ಲಂಡನ್ನಿನಲ್ಲಿ ಅಣ್ವಸ್ತ್ರದ ವಿರುದ್ಧ ಪ್ರತಿಭಟಿಸಿದ್ದಕ್ಕೆ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು ಜೈಲಿಗೆ ಹಾಕಿದರು. ಆಗ ಅವರಿಗೆ 89 ವರ್ಷ. ಬೆಂಗಳೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ಈ ಸುದ್ದಿ ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಯುವಕರಿಗೆ ನಾಚಿಕೆ ಆಯಿತು. ಅಷ್ಟು ವಯಸ್ಸಾದವರು ಜೈಲಲ್ಲಿ, ನಾವು ಇಲ್ಲಿ! 1962ರ ಜೂನ್‌ನಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟೇಬಿಟ್ಟರು. ಆಗ ಬಾಂಬ್ ಇಟ್ಟುಕೊಂಡಿದ್ದ ನಾಲ್ಕು ದೇಶಗಳ ರಾಜಧಾನಿಗಳಿಗೆ, ಅಂದರೆ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗೆ, ಬಾಂಬ್ ಬಿಡಿ ಅಂತ ಹೇಳೋಕೆ, ಬಹುಪಾಲು ನಡೆದುಕೊಂಡೇ. ಜೇಬಿನಲ್ಲಿ ಒಂದು ಪೈಸೆ ಇಲ್ಲ. ದುಡ್ಡು ಇಟ್ಟುಕೊಳ್ಳಬೇಡಿ, ಸಸ್ಯಾಹಾರ ಬಿಡಬೇಡಿ ಅಂತ ವಿನೋಬಾ ಭಾವೆ ಹೇಳಿದ್ದರು. ಪಾಕಿಸ್ತಾನದ ಗಡಿ ದಾಟುವ ಮುಂಚೆ ಸ್ನೇಹಿತರು ಊಟದ ಪೊಟ್ಟಣ ಕೊಡೋಕೆ ಬಂದರೆ ಅದನ್ನೂ ಬೇಡ ಅಂದರು. ಆ ಕಡೆಯವರು ಊಟ ಹಾಕಲ್ಲ ಅಂತ ಮೊದಲೇ ತೀರ್ಮಾನ ಮಾಡಿದ ಹಾಗಾಗುತ್ತಲ್ವಾ! ಆ ಕಡೆಯವರು ಊಟ ಹಾಕಿದರು. ಕಪ್ಪು ಸಮುದ್ರದ ಹತ್ತಿರ ಚಹಾ ಕಾರ್ಖಾನೆಯ ಹೆಂಗಸೊಬ್ಬರು ನಾಲ್ಕು ಪೊಟ್ಟಣ ಟೀ ಪುಡಿ ಕೊಟ್ಟು, ಬಾಂಬಿನ ಗುಂಡಿ ಒತ್ತಬೇಕು ಅನ್ನಿಸಿದಾಗ ಮೊದಲು ಒಂದು ಕಪ್ ಟೀ ಮಾಡಿಕೊಂಡು ಕುಡೀರಿ ಅಂತ ಆ ನಾಲ್ಕೂ ನಾಯಕರಿಗೆ ಹೇಳಿ ಅಂದರಂತೆ. ಸುಮಾರು 8,000 ಮೈಲಿ ನಡೆದರು. ಪ್ಯಾರಿಸ್‌ನಲ್ಲಿ ಜೈಲೂ ಆಯಿತು.

ಆ ನಡಿಗೆಯಿಂದ ಒಂದು ಬಾಂಬೂ ಕಡಿಮೆಯಾಗಲಿಲ್ಲ, ಒಪ್ಪುತ್ತೇನೆ. ಹಾಗಾದರೆ ಇನ್ನೊಂದು ವಿಷಯ ಕೇಳಿ.

ಅದೇ ಹೊತ್ತಿನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನ ತಾಯಂದಿರು ಮಕ್ಕಳ ಹಾಲುಹಲ್ಲು ಕೂಡಿಡುತ್ತಿದ್ದರು. ನಮ್ಮಲ್ಲಿ ಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತಿದ್ದೆವು, ಅವರು ಕವರಿಗೆ ಹಾಕಿ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದರು. ಬಯಲಲ್ಲಿ ಬಾಂಬ್ ಪರೀಕ್ಷೆ ಮಾಡಿದಾಗ ಸ್ಟ್ರಾನ್ಷಿಯಂ-90 ಅನ್ನೋ ವಿಕಿರಣ ವಸ್ತು ಮಳೆಯ ಜೊತೆ ಹುಲ್ಲಿನ ಮೇಲೆ ಬೀಳುತ್ತೆ. ಹುಲ್ಲು ಹಸುವಿಗೆ, ಹಾಲು ಮಗುವಿಗೆ. ಮೈಗೆ ಅದಕ್ಕೂ ಕ್ಯಾಲ್ಷಿಯಂಗೂ ವ್ಯತ್ಯಾಸ ಗೊತ್ತಾಗದೆ ಮೂಳೆಗೂ ಹಲ್ಲಿಗೂ ಸೇರಿಸಿಕೊಳ್ಳುತ್ತೆ. 1958ರಲ್ಲಿ ಡಾ. ಲೂಯಿಸ್ ರೀಸ್ ಎಂಬ ವೈದ್ಯೆಯ ಮುಂದಾಳತ್ವದಲ್ಲಿ ಶುರುವಾದ ಈ ಕೆಲಸಕ್ಕೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಮೂರು ಲಕ್ಷದಷ್ಟು ಹಲ್ಲುಗಳು ಬಂದವು. ಹಲ್ಲು ಕೊಟ್ಟ ಮಗುವಿಗೆ ಅಂಗಿಗೆ ಚುಚ್ಚಿಕೊಳ್ಳೋಕೆ ಒಂದು ಬಿಲ್ಲೆ. ಪರೀಕ್ಷೆಗಳು ಜಾಸ್ತಿಯಾದ ಹಾಗೆ ಹಲ್ಲಿನಲ್ಲಿ ವಿಷವೂ ಜಾಸ್ತಿಯಾಗಿದ್ದು ಕಣ್ಣೆದುರೇ ಕಂಡಿತು. ಸರ್ಕಾರ ಎಷ್ಟೇ ‘ಏನೂ ಆಗಲ್ಲ’ ಅಂದರೂ ತಾಯಂದಿರು ನಂಬುತ್ತಾರಾ? ಹೆಂಗಸರು ಬೀದಿಗಿಳಿದರು. ಅದಕ್ಕೂ ಮೊದಲೇ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್, ಪರೀಕ್ಷೆ ನಿಲ್ಲಿಸಿ ಅಂತ ಸಾವಿರಾರು ವಿಜ್ಞಾನಿಗಳ ಸಹಿ ಕೂಡಿಸಿ ವಿಶ್ವಸಂಸ್ಥೆಗೆ ಕೊಟ್ಟಿದ್ದರು. 1963ರ ಆಗಸ್ಟ್‌ನಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ನೆಲದಡಿಯ ಪರೀಕ್ಷೆಗೆ ದಾರಿ ಬಿಟ್ಟುಕೊಂಡರು ಅನ್ನೋದು ಬೇರೆ ಮಾತು. ಹಲ್ಲು ಒಂದರಿಂದಲೇ ಇದೆಲ್ಲ ಆಯಿತು ಅಂತಲೂ ನಾನು ಹೇಳಲ್ಲ, 1962ರಲ್ಲಿ ಅಮೆರಿಕ, ಸೋವಿಯತ್ ಎರಡನ್ನೂ ಅಣುಯುದ್ಧದ ಅಂಚಿಗೆ ತಂದಿದ್ದ ಕ್ಯೂಬಾ ಬಿಕ್ಕಟ್ಟಿನ ಹೆದರಿಕೆ ಇತ್ತು, ರಾಜಕೀಯ ಲೆಕ್ಕಾಚಾರ ಇತ್ತು. ಆದರೆ ಜನ ಸುಮ್ಮನೆ ಕೂತಿದ್ದರೆ ಆಗುತ್ತಿತ್ತಾ?

ಪರೀಕ್ಷೆ ನಿಲ್ಲಿಸಿ ಅಂತ 1954ರಲ್ಲೇ ಲೋಕಸಭೆಯಲ್ಲಿ ಕೇಳಿದ್ದು ನಮ್ಮ ನೆಹರೂ. 1963ರ ಒಪ್ಪಂದಕ್ಕೆ ಮೊದಮೊದಲು ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ಆಮೇಲೆ ಪೋಖ್ರಾನ್ ಆಯಿತು, ಒಂದಲ್ಲ ಎರಡು ಸಲ. 2017ರಲ್ಲಿ 122 ದೇಶಗಳು ಸೇರಿ ಅಣ್ವಸ್ತ್ರ ನಿಷೇಧ ಒಪ್ಪಂದ ಮಾಡಿದಾಗ ಆ ಮಾತುಕತೆಗೂ ನಾವು ಹೋಗಲಿಲ್ಲ. ಬಾಂಬ್ ಇರುವ ಒಂಬತ್ತು ದೇಶಗಳಲ್ಲಿ ಒಂದೂ ಸಹಿ ಹಾಕಿಲ್ಲ. ಚೀನಾ, ಪಾಕಿಸ್ತಾನ ಪಕ್ಕದಲ್ಲಿರುವಾಗ ನಾವೊಬ್ಬರೇ ಬಾಂಬ್ ಬಿಡೋದು ಸುಲಭವಲ್ಲ, ಅಷ್ಟು ನನಗೂ ಅರ್ಥವಾಗುತ್ತೆ. ಆದರೆ ಮಾತುಕತೆಗೆ ಹೋಗಿ ಕೂರೋಕೇನು ಕಷ್ಟ?

ನಿಮ್ಮಲ್ಲಿ ಒಂದು ವಿನಂತಿ. ಪ್ರತಿ ಆಗಸ್ಟ್ 6ರ ಹಿರೋಶಿಮಾ ದಿನದಂದು ಪಾರಿವಾಳ ಹಾರಿಸುವ ಮಕ್ಕಳ ಫೋಟೋ ಹಾಕುತ್ತೀರಿ, ಚೆನ್ನಾಗಿರುತ್ತೆ. ಈ ಸಲ ಅದರ ಜೊತೆ ಇನ್ನೊಂದು ಕೆಲಸ ಮಾಡಿ. ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ ಒಂದೇ ಪ್ರಶ್ನೆ ಕಳಿಸಿ: ಅಣ್ವಸ್ತ್ರ ನಿಷೇಧ ಒಪ್ಪಂದದ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ಆಗಬೇಕೋ ಬೇಡವೋ? ಬಂದ ಉತ್ತರಗಳನ್ನು ಪಕ್ಷ ನೋಡದೆ ಹಾಗೇ ಅಚ್ಚು ಹಾಕಿ. ಉತ್ತರ ಕೊಡದವರ ಹೆಸರನ್ನೂ ಬಿಡಬೇಡಿ.

– ನಿಮ್ಮ ಓದುಗ, ತುಮಕೂರು