ತಲೆಕೆಳಗಾದ ಕೂಣಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರೇ,

ನಾನು ಹೊಸನಗರದ ಕಡೆಯವನು, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ನಿಮ್ಮಲ್ಲಿ ಕೇಳುತ್ತಿರುವುದು ಒಂದೇ ಒಂದು ಕೋಣೆ. ಅದಕ್ಕೆ ಮೊದಲು ಒಂದು ಬುಟ್ಟಿಯ ವಿಷಯ ಹೇಳಬೇಕು.

ಒಮ್ಮೆ ಮಕ್ಕಳನ್ನು ಬೇರೆ ಜಿಲ್ಲೆಯ ಒಂದು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿಯ ಅಜ್ಜಿಯೂ ಜೊತೆಗಿದ್ದಳು, ಬಿದಿರು ಸೀಳಿಯೇ ಸಂಸಾರ ಸಾಕಿದವಳು. ಗಾಜಿನ ಪೆಟ್ಟಿಗೆಯೊಳಗೆ ಒಂದು ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಬಾಯಿ ಮೇಲಾಗಿ ನಿಂತಿತ್ತು. ಕೆಳಗೆ ಚೀಟಿ: ‘ಬುಡಕಟ್ಟು ಜನರ ಧಾನ್ಯದ ಬುಟ್ಟಿ’. ಮಳೆಗಾಲದಲ್ಲಿ ಗದ್ದೆಯ ನೀರಿಗೆ ಎದುರಾಗಿ ಏರಿ ಬರುವ ಹತ್ತುಮೀನಿಗೆ ಒಡ್ಡುವ ಕೂಣಿ! ಅಜ್ಜಿ ಬಗ್ಗಿ ನೋಡಿ, “ಇದಕ್ಕೆ ಭತ್ತ ಸುರಿದರೆ ಅಷ್ಟೂ ಸೋರಿ ಹೋಗುತ್ತದಲ್ಲ ಮೇಷ್ಟ್ರೇ” ಎಂದು ನಕ್ಕಳು. ಕಡ್ಡಿಗಳ ನಡುವಿನ ಸಂದು ತೋರಿಸಲು ಗಾಜಿನ ಮೇಲೆ ಬೆರಳಿಟ್ಟಳು. ಕಾವಲುಗಾರ ಗದರಿದ. ಆ ಕೋಣೆಯಲ್ಲಿ ಆ ವಸ್ತುವನ್ನು ಬಲ್ಲವಳು ಅವಳೊಬ್ಬಳೇ, ಬೈಸಿಕೊಂಡವಳೂ ಅವಳೇ.

ಚೀಟಿ ಬರೆದ ಗುಮಾಸ್ತನನ್ನು ದೂರಿ ಫಲವಿಲ್ಲ. ಈ ಪದ್ಧತಿ ಹಳೆಯದು. ಮದ್ರಾಸಿನ ಸರ್ಕಾರಿ ಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಜನರ ಮೂಗಿನ ಉದ್ದಗಲಗಳನ್ನು ಕ್ಯಾಲಿಪರ್ ಹಿಡಿದು ಅಳೆದು, ಜಾತಿ ಬುಡಕಟ್ಟುಗಳನ್ನು ವಿವರಿಸುವ ಏಳು ಸಂಪುಟಗಳನ್ನು 1909ರಲ್ಲಿ ಹೊರತಂದ. ಶಿವಮೊಗ್ಗಕ್ಕೂ ಇಂಥದೊಂದು ಕತೆಯಿದೆ. 1840ರ ದಶಕದಲ್ಲಿ ಇಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಹ್ಯೂ ಕ್ಲೆಗ್‌ಹಾರ್ನ್ ಒಬ್ಬ ಮರಾಠಿ ಚಿತ್ರಕಾರನಿಂದ ನಮ್ಮ ಗಿಡಗಳ ಚಿತ್ರ ಬರೆಸಿದ. ಅವು ಈಗ ಎಡಿನ್‌ಬರೋದ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಬರೆಸಿದವನ ಹೆಸರು ಸಂಗ್ರಹಕ್ಕೇ ಇದೆ, ಬರೆದವನ ಹೆಸರು ಎಲ್ಲೂ ಇಲ್ಲ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಕಾಡಿಗೆ ಮಾರಿ ಎಂದು ವಾದಿಸಿದವರಲ್ಲಿ ಈ ಕ್ಲೆಗ್‌ಹಾರ್ನನೂ ಒಬ್ಬ. 1856ರಲ್ಲಿ ಆತ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ನಮ್ಮ ಕಾಡಂಚಿನ ಜನ ಒತ್ತುವರಿಯ ನೋಟಿಸು ಹಿಡಿದುಕೊಂಡು ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ.

ಬೇರೆ ದಾರಿ ಇದೆಯೇ? ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿದೆ. ಅಲ್ಲಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಬಿಳಿಯರಿಗೆ ಮಾತ್ರ ಎಂದು 1966ರಲ್ಲಿ ಸರ್ಕಾರ ಸಾರಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಮನೆಗಳನ್ನು ನೆಲಸಮ ಮಾಡಿದರು. 1994ರಲ್ಲಿ ಅಲ್ಲಿ ತೆರೆದ ಸಂಗ್ರಹಾಲಯದ ನೆಲದ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆ ಹಾಸಿದೆ. ಮನೆ ಕಳೆದುಕೊಂಡವರು ಬಂದು, ತಮ್ಮ ಬೀದಿ ಹುಡುಕಿ, ಮನೆಯಿದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ಇದನ್ನು ಮೊದಲು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಶರಾವತಿ ಕಣಿವೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋದ ಊರುಗಳ ನಕ್ಷೆಯನ್ನು ಹಾಗೆ ಹಾಸಿದರೆ, ‘ಇಲ್ಲಿ ನಮ್ಮ ಕೊಟ್ಟಿಗೆ’ ಎಂದು ಬೆರಳಿಡುವ ಮುದುಕರು ಇನ್ನೂ ಇದ್ದಾರೆ. ಎಷ್ಟು ದಿನ ಇರುತ್ತಾರೋ.

ಇಂಗ್ಲೆಂಡಿನ ಬ್ರಿಸ್ಟಲ್‌ನವರದು ಇನ್ನೊಂದು ರೀತಿ. ಗುಲಾಮರ ವ್ಯಾಪಾರಿ ಕೋಲ್‌ಸ್ಟನ್‌ನ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಜನ ಉರುಳಿಸಿ ಬಂದರಿನ ನೀರಿಗೆ ತಳ್ಳಿದರು. ಮರುವರ್ಷ ಅಲ್ಲಿನ ಸಂಗ್ರಹಾಲಯ ಅದನ್ನು ಜನ ಬಳಿದಿದ್ದ ಬಣ್ಣ ಸಮೇತ ಮಲಗಿಸಿಯೇ ಪ್ರದರ್ಶಿಸಿ, ಮುಂದೇನು ಮಾಡೋಣ ಎಂದು ಊರಿನವರನ್ನೇ ಕೇಳಿತು.

ಈಗ ನನ್ನ ಬೇಡಿಕೆ. ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯದಲ್ಲಿ ಒಂದು ಕೋಣೆಯನ್ನು ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಡಿ. ಎಡಿನ್‌ಬರೋಗೆ ಪತ್ರ ಬರೆದು ಆ ಗಿಡಗಳ ಚಿತ್ರದ ಪ್ರತಿಗಳನ್ನು ತರಿಸಿ. ಚೀಟಿಗಳನ್ನು ಖಾಲಿ ಬಿಡಿ. ಆ ಗಿಡಗಳನ್ನು ಬಳಸುವ ಕುಣಬಿಗಳು, ಹಸಲರು, ನಾಟಿ ಔಷಧಿ ಕೊಡುವವರು ಬಂದು ಹೇಳಲಿ, ಅವರ ಹೆಸರಿನಲ್ಲೇ ಬರೆಯೋಣ. ಬಂದವರಿಗೆ ಬಸ್ ಚಾರ್ಜು ಮತ್ತು ದಿನದ ಕೂಲಿ ಕೊಡಬೇಕು. ಶಾಲು ಹೊದೆಸಿ ಕಳುಹಿಸಿದರೆ ಸಾಲದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಣೆಯಲ್ಲಿ ಬಿಳಿಯರನ್ನು ಬೈದು ಮುಗಿಸುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆದರೆ ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಜೀತಗಾರರಿಗೆ ಎರಡು ಹೆಸರಿವೆ: ಹುಟ್ಟಾಳು, ಮಣ್ಣಾಳು. ಒಬ್ಬ ಯಜಮಾನನ ಮನೆಯಲ್ಲೇ ಹುಟ್ಟಿದ ಆಳು, ಇನ್ನೊಬ್ಬ ಭೂಮಿಯ ಜೊತೆಗೇ ಸೇರಿಹೋದ ಆಳು. ಈ ಪದಗಳು ಲಂಡನ್ನಿನಿಂದ ಬಂದವಲ್ಲ. ಥರ್ಸ್ಟನ್ನನ ಕ್ಯಾಲಿಪರಿನ ಚಿತ್ರ ಇಡುವುದಾದರೆ ಅದರ ಪಕ್ಕದಲ್ಲಿ ಗೇಣಿ ಅಳೆಯುವ ಕೊಳಗವೂ ಇರಲಿ. ಆ ಕೊಳಗದ ಅಳತೆಯ ಜಗಳದಿಂದಲೇ 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು. ನನ್ನ ಅಜ್ಜನ ಅಟ್ಟದಲ್ಲೂ ಒಂದು ಕೊಳಗ ಇತ್ತು. ನಾವು ಗೇಣಿ ಕೊಟ್ಟವರ ಮನೆಯಲ್ಲ, ತೆಗೆದುಕೊಂಡವರ ಮನೆ. ಅದನ್ನು ಹುಡುಕಿ ತಂದುಕೊಡುತ್ತೇನೆ. ಚೀಟಿಯನ್ನು ಮಾತ್ರ ನಾನು ಬರೆಯುವುದಿಲ್ಲ.

ಕೂಣಿ ಕೊಡಲು ಆ ಅಜ್ಜಿ ಒಪ್ಪಿದ್ದಾಳೆ, ಹೊಸದಾಗಿ ನೇಯ್ದು. ಈ ಕೋಣೆಯ ಬಗ್ಗೆ ಮಾತಾಡಲು ಒಂದು ಸಭೆಯನ್ನು ಮೇ ತಿಂಗಳೊಳಗೆ ಕರೆಯಿರಿ. ಮುಂಗಾರು ಹಿಡಿದ ಮೇಲೆ ಅವಳು ಬರುವುದಿಲ್ಲ. ಅದು ಹತ್ತುಮೀನಿನ ಕಾಲ.

ಇತಿ,
ನಿವೃತ್ತ ಶಿಕ್ಷಕ, ಹೊಸನಗರ ತಾಲ್ಲೂಕು