ಮೊದಲು ಸೌದೆ, ಆಮೇಲೆ ಇನ್ಸರ್ಟ್

ಮಾನ್ಯ ಸಂಪಾದಕರೇ,

ಚಳಿದೇಶದ ಮನೆಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಗೋಡೆಯಲ್ಲಿ ಕಟ್ಟಿದ ಬೆಂಕಿಗೂಡಿನಲ್ಲಿ, ಅಂದರೆ ಫೈರ್‌ಪ್ಲೇಸಿನಲ್ಲಿ, ನಾಲ್ಕು ಕೊರಡು ಹಚ್ಚಿದರೆ ಮನೆಯೆಲ್ಲ ಬೆಚ್ಚಗಾಗುತ್ತದೆ, ಹೀಟಿಂಗ್ ಬಿಲ್ಲೂ ಉಳಿಯುತ್ತದೆ ಅನ್ನುವ ಮಾತು ಮಾತ್ರ ಸರಿಯಿಲ್ಲ. ನಾನು ಸಾಗರದ ಕಡೆಯವಳು, ಈಗ ಇರುವುದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ. ನಿಮ್ಮ ಓದುಗರಲ್ಲಿ ಎಷ್ಟೋ ಜನರ ಮಕ್ಕಳು ಈ ಕಡೆ ಹಳೇ ಮನೆ ಕೊಳ್ಳುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ತೆರೆದ ಫೈರ್‌ಪ್ಲೇಸ್ ನೋಡೋಕೆ ಚಂದ, ಅಷ್ಟೇ. ಅದನ್ನು ಮನೆ ಕಾಯಿಸುವ ಸಾಧನ ಅಂದುಕೊಳ್ಳಬೇಡಿ ಎಂದು ಇಲ್ಲಿನ ಇಂಧನ ಇಲಾಖೆಯೇ ಹೇಳುತ್ತದೆ. ಅದು ನಿಮಿಷಕ್ಕೆ 300 ಘನ ಅಡಿಯವರೆಗೆ ಕೋಣೆಯ ಬೆಚ್ಚನೆ ಗಾಳಿ ಎಳೆದುಕೊಂಡು ಚಿಮಣಿಯಿಂದ ಹೊರಗೆ ದಬ್ಬುತ್ತದೆ. ಹೋದಷ್ಟೇ ತಣ್ಣನೆ ಗಾಳಿ ಕಿಟಕಿ ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತದೆ. ಮುಂದೆ ಕೂತವರಿಗೆ ಮೊಣಕಾಲು ಸುಡುತ್ತದೆ, ಬೆನ್ನು ಕೊರೆಯುತ್ತದೆ. ಮಹಡಿ ಮೇಲೆ ಮಲಗಿದ ಅತ್ತೆಯವರು ಇನ್ನೊಂದು ಕಂಬಳಿ ಕೇಳುತ್ತಾರೆ.

ಇದಕ್ಕೆ ದಾರಿ ಇನ್ಸರ್ಟ್. ಗಾಜಿನ ಬಾಗಿಲಿರುವ ಕಬ್ಬಿಣದ ಒಲೆಪೆಟ್ಟಿಗೆ ಅದು. ಫೈರ್‌ಪ್ಲೇಸಿನ ಗೂಡಿನೊಳಗೆ ಕೂರಿಸುತ್ತಾರೆ. ಎಷ್ಟು ಗಾಳಿ ಬಿಡಬೇಕು ಎನ್ನುವುದು ಒಂದು ಸಣ್ಣ ಹಿಡಿಯ ಮೂಲಕ ನಮ್ಮ ಕೈಯಲ್ಲಿರುತ್ತದೆ. ಹೊಗೆಯಲ್ಲಿ ಉಳಿದದ್ದೂ ಪೆಟ್ಟಿಗೆಯೊಳಗೇ ಇನ್ನೊಮ್ಮೆ ಉರಿಯುತ್ತದೆ. ಬೆಂಗಳೂರಿನ ಐಐಎಸ್‌ಸಿಯವರ ಅಸ್ತ್ರ ಒಲೆ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬೆಂಕಿಗೆ ಮುಚ್ಚಿದ ಗೂಡು, ಅಳತೆಯ ಗಾಳಿ. ಸೌದೆಯೂ ಉಳಿಯಿತು, ಹೊಗೆಯೂ ಕಡಿಮೆಯಾಯಿತು.

ಆರಿಸುವಾಗ ಎಲ್ಲರೂ ದೊಡ್ಡದಕ್ಕೇ ಕೈಹಾಕುತ್ತಾರೆ. ನಮ್ಮವರೂ ಅಂಗಡಿಯಲ್ಲಿ ಅತಿ ಅಗಲದ ಗಾಜಿನ ಮುಂದೆ ನಿಂತುಬಿಟ್ಟಿದ್ದರು. ನಮ್ಮದು ಒಂದು ಕೂರುವ ಕೋಣೆ, ಅಡುಗೆಮನೆ ಬೆಚ್ಚಗಾದರೆ ಸಾಕು ಅನ್ನುವ ಲೆಕ್ಕ. ದೊಡ್ಡ ಒಲೆ ಅಲ್ಲಿ ಪೂರ್ತಿ ಉರಿದರೆ ಕೂರೋಕಾಗಲ್ಲ. ಸೆಕೆ ಅಂತ ಗಾಳಿ ಮುಚ್ಚಿದರೆ ಬೆಂಕಿ ಸುಮ್ನೆ ಹೊಗೆಯಾಡುತ್ತದೆ. ಆ ಹೊಗೆ ಚಿಮಣಿಯಲ್ಲಿ ತಣ್ಣಗಾಗಿ ಡಾಂಬರಿನ ಹಾಗೆ ಅಂಟುತ್ತದೆ. ಕ್ರಿಯೋಸೋಟ್ ಅನ್ನುತ್ತಾರೆ. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ. ಆದ್ದರಿಂದ ಮಧ್ಯಮ ಗಾತ್ರದ್ದು ತಂದು ಚೆನ್ನಾಗಿ ಉರಿಸುವುದೇ ಮೇಲು. ಇಲ್ಲಿ ಸೌದೆ ಸಾಮಾನ್ಯವಾಗಿ 16 ಇಂಚು ಉದ್ದಕ್ಕೆ ಕತ್ತರಿಸಿ ಬರುತ್ತದೆ. ಅದು ಆರಾಮಾಗಿ ಹಿಡಿಸುವ ಪೆಟ್ಟಿಗೆ ಇದ್ದರೆ ಆಯಿತು.

ಅಳತೆ ತೆಗೆಯುವಾಗ ಗೂಡಿನ ಬಾಯಿಯ ಅಗಲ ಮಾತ್ರ ನೋಡಿ ಬರಬೇಡಿ. ಹಳೇ ಇಟ್ಟಿಗೆ ಫೈರ್‌ಪ್ಲೇಸು ಹಿಂದಕ್ಕೆ ಹೋಗುತ್ತಾ ಕಿರಿದಾಗುತ್ತದೆ, ಹಿಂಗೋಡೆ ಮುಂದಕ್ಕೆ ವಾಲಿರುತ್ತದೆ. ಹಿಂದಿನ ಅಗಲ, ಆಳ, ಎತ್ತರ ಎಲ್ಲ ಬೇಕು.

ಇನ್ನು ಲೈನರ್, ಅಂದರೆ ಚಿಮಣಿಯೊಳಗೆ ಇಳಿಸುವ ಹೊಗೆಕೊಳವೆ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಕೂರಿಸಲು ದರ ಹೇಳೋಕೆ ಬಂದವರೊಬ್ಬರು 'ಚಿಮಣಿ ಗಟ್ಟಿಯಾಗಿದೆ ಮೇಡಂ, ಲೈನರ್ ಬೇಡ, ಹಾಗೇ ಒಳಗೆ ತಳ್ಳಿಬಿಡೋಣ' ಅಂದರು. ದುಡ್ಡು ಉಳಿಯುತ್ತದಲ್ಲ ಅಂತ ನಮ್ಮವರ ಮುಖ ಅರಳಿತು. ನಾನು ಒಪ್ಪಲಿಲ್ಲ. ತೆರೆದ ಬೆಂಕಿಗೆಂದು ಕಟ್ಟಿದ ಚಿಮಣಿ ತುಂಬಾ ಅಗಲ. ಇನ್ಸರ್ಟಿನಿಂದ ಬರುವ ಹೊಗೆ ಕಡಿಮೆ, ಬಿಸಿಯೂ ಕಡಿಮೆ. ಅಷ್ಟಗಲದಲ್ಲಿ ಅದು ಏರುವುದು ನಿಧಾನ. ಏರುತ್ತಲೇ ತಣ್ಣಗಾಗಿ ಗೋಡೆಗೆ ಅಂಟುತ್ತದೆ. ಒಲೆಯ ತಲೆಯಿಂದ ಚಿಮಣಿಯ ತುದಿವರೆಗೆ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಇಳಿಸಲೇಬೇಕು. ಸಾಮಾನ್ಯವಾಗಿ 6 ಇಂಚಿನದು. ಇಲ್ಲಿ ಎಷ್ಟೋ ಮನೆಗಳ ಚಿಮಣಿ ಹೊರಗೋಡೆಗೆ ಅಂಟಿಕೊಂಡು ಚಳಿಯಲ್ಲೇ ನಿಂತಿರುತ್ತದೆ. ಹಾಗಿದ್ದರೆ ಕೊಳವೆಗೆ ಇನ್ಸುಲೇಶನ್ ಸುತ್ತಿಸಿ. ಕೊಳವೆಯ ಸುತ್ತ ಉಳಿಯುವ ಸಂದಿಯನ್ನು ತಗಡು ಹೊಡೆದು ಮುಚ್ಚಿಸಿ. ಇಲ್ಲದಿದ್ದರೆ ಒಲೆಯ ಬಿಸಿ ಕೋಣೆಗೆ ಬರುವ ಬದಲು ಚಿಮಣಿಯ ಇಟ್ಟಿಗೆ ಕಾಯಿಸುತ್ತದೆ. ಊರಿನ ಪರವಾನಗಿ ತೆಗೆದುಕೊಳ್ಳಿ, ಮನೆಯ ಇನ್ಶೂರೆನ್ಸಿನವರಿಗೂ ತಿಳಿಸಿ. ವರ್ಷಕ್ಕೊಮ್ಮೆ ಚಿಮಣಿ ನೋಡಿಸಿ.

ಕರೆಂಟ್ ವಿಚಾರ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಗೂಡಿನೊಳಗೆ ಪೂರ್ತಿ ಹುದುಗುವ ಇನ್ಸರ್ಟು ಬಿಸಿ ಹೊರಗೆ ಕಳಿಸಲು ಬ್ಲೋವರ್ ಫ್ಯಾನನ್ನು ಜಾಸ್ತಿ ನಂಬಿಕೊಂಡಿರುತ್ತದೆ. 2008ರ ಡಿಸೆಂಬರಿನಲ್ಲಿ ಇಲ್ಲಿ ಹಿಮಗಟ್ಟುವ ಮಳೆ ಸುರಿದು, ಮಂಜಿನ ಭಾರಕ್ಕೆ ಮರಗಳು ತಂತಿಗಳ ಮೇಲೆ ಮುರಿದು ಬಿದ್ದು, ಈ ಒಂದೇ ರಾಜ್ಯದಲ್ಲಿ 4 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿತ್ತು. ಕೆಲವರಿಗೆ ವಾಪಸ್ ಬರಲು ವಾರ ದಾಟಿತು. ಎಣ್ಣೆ ಉರಿಸಿ ಮನೆ ಕಾಯಿಸುವ ಹೀಟರೂ ಕರೆಂಟಿಲ್ಲದೆ ನಡೆಯುವುದಿಲ್ಲ. ಅದಕ್ಕೇ ನಾವು ಮುಖ ಸ್ವಲ್ಪ ಮುಂದೆ ಚಾಚಿದ ಇನ್ಸರ್ಟ್ ತಂದೆವು. ನೋಡೋಕೆ ಅಷ್ಟೇನೂ ಚಂದ ಇಲ್ಲ. ಆದರೆ ಫ್ಯಾನ್ ನಿಂತರೂ ಕೋಣೆಗೆ ಬಿಸಿ ಬರುತ್ತದೆ. ಅದರ ತಲೆಯ ಮೇಲೆ ಪಾತ್ರೆ ಇಟ್ಟು ನೀರು ಕಾಯಿಸಬಹುದು.

ಇನ್ಸರ್ಟ್ ಬಂತೆಂದು ಹೀಟರ್ ಮರೆಯುವ ಹಾಗೂ ಇಲ್ಲ. ಥರ್ಮೋಸ್ಟಾಟ್ ಒಲೆಯಿರುವ ಕೋಣೆಯಲ್ಲೇ ಇದ್ದರೆ, ಮನೆ ಬೆಚ್ಚಗಿದೆ ಅಂದುಕೊಂಡು ಅದು ಹೀಟರನ್ನು ಆನ್ ಮಾಡುವುದೇ ಇಲ್ಲ. ಅತ್ತ ಮೂಲೆ ಕೋಣೆಯ ಹೊರಗೋಡೆಯಲ್ಲಿರುವ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಬಹುದು. ಕಡು ಚಳಿಯ ರಾತ್ರಿ ಹೀಟರೂ ಆಗಾಗ ನಡೆಯಲೇಬೇಕು.

ಈಗ ಸೌದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ? ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆ ತುಂಬಾ ಒಣ ಸೌದೆ ಒಟ್ಟಿಕೊಂಡೇ ಬೆಳೆದವರು ನಾವು. ಆದರೆ ಇಲ್ಲಿ 'ಒಣಗಿದ್ದು' ಅಂತ ಮಾರುವುದರಲ್ಲಿ ಎಷ್ಟೋ ಹಸಿ ಇರುತ್ತದೆ. ಒಲೆಗೆ ಹಾಕಿದರೆ ತುದಿಯಲ್ಲಿ ನೊರೆ ಉಗುಳುತ್ತಾ ಬುಸ್ ಅನ್ನುತ್ತದೆ. ಗಾಜು ಸಂಜೆಯೊಳಗೆ ಕಪ್ಪಾಗುತ್ತದೆ. ಹೊಸ ಇನ್ಸರ್ಟುಗಳಿಗೆ ಶೇ 20ಕ್ಕಿಂತ ಕಡಿಮೆ ತೇವದ ಸೌದೆಯೇ ಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಅದರ ಮೊಳೆಗಳನ್ನು ಹೊರಮೈಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ಒಂದು ತುಂಡನ್ನು ಆಗಲೇ ಸೀಳಿ, ಒಳಮೈಗೆ ಚುಚ್ಚಿ ನೋಡಿ. ಓಕ್ ಒಣಗಲು ಎರಡು ಬೇಸಿಗೆ ಬೇಕಾಗಬಹುದು. ಆಶ್ ಮರ ಬೇಗ ಒಣಗುತ್ತದೆ. ಎಮರಾಲ್ಡ್ ಆಶ್ ಬೋರರ್ ಎಂಬ ಹುಳ ಈ ರಾಜ್ಯದಲ್ಲಿ 2013ರಲ್ಲಿ ಕಾಣಿಸಿಕೊಂಡ ಮೇಲೆ ಆಶ್ ಮರಗಳು ಸಾಯುತ್ತಿವೆ. ಆ ಹುಳ ಸೌದೆಯ ಜೊತೆಗೇ ಊರಿಂದೂರಿಗೆ ಹೋಗುತ್ತದೆ. ಹಾಗಾಗಿ ದೂರದಿಂದ ಸೌದೆ ತರಬೇಡಿ, ಹತ್ತಿರದವರಲ್ಲೇ ಕೊಳ್ಳಿ. ಇಲ್ಲಿ ಸೌದೆ ಮಾರುವ ಅಳತೆಗೆ ಕಾರ್ಡ್ (cord) ಅನ್ನುತ್ತಾರೆ. ಒಂದು ಕಾರ್ಡ್ ಎಂದರೆ ಒತ್ತಾಗಿ ಒಟ್ಟಿದ 128 ಘನ ಅಡಿ. ಲಾರಿಯಿಂದ ಸುರಿದ ರಾಶಿ ನೋಡಿ ಹೂಂ ಅನ್ನಬೇಡಿ, ಒಟ್ಟಿ ಅಳೆಯಿರಿ.

ನನ್ನ ಮಾತು ಕೇಳುವುದಾದರೆ ಈ ವಸಂತದಲ್ಲಿ ಸೌದೆ ತರಿಸಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಒಟ್ಟಿ, ಮೇಲ್ಗಡೆ ಮಾತ್ರ ಮುಚ್ಚಿ ಬಿಡಿ. ಇನ್ಸರ್ಟಿಗೆ ಅವಸರವಿಲ್ಲ.

ಯಾರೋ ಪುಕ್ಕಟೆ ಕೊಡುತ್ತಾರೆಂದು ಹಳೇದನ್ನು ತರಬೇಡಿ. 2020ರ ಮೇ ನಂತರ ಇಲ್ಲಿ ಮಾರುವ ಹೊಸ ಒಲೆ ಗಂಟೆಗೆ 2 ಗ್ರಾಂ, ನಿಜವಾದ ಸೌದೆ ಉರಿಸಿ ಪರೀಕ್ಷಿಸಿದ್ದಾದರೆ 2.5 ಗ್ರಾಂಗಿಂತ ಜಾಸ್ತಿ ಹೊಗೆಕಣ ಬಿಡುವಂತಿಲ್ಲ. ಹಾಗೆಂದು ಹೇಳುವ, ಇಲ್ಲಿನ ಸರ್ಕಾರದ ಪರಿಸರ ಸಂಸ್ಥೆಯ (ಇಪಿಎ) ಲೇಬಲ್ ಇದೆಯೇ ನೋಡಿ. ಖರ್ಚಿನ ಶೇ 30ರಷ್ಟು, 2,000 ಡಾಲರ್ ಮಿತಿಯಲ್ಲಿ ಸಿಗುತ್ತಿದ್ದ ಕೇಂದ್ರದ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿದಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮನೆಯಲ್ಲಿ ಉಬ್ಬಸದವರು ಇದ್ದರೆ ಮಾತ್ರ ಈ ಸಹವಾಸವೇ ಬೇಡ. ಎಷ್ಟೇ ಒಳ್ಳೆಯ ಇನ್ಸರ್ಟ್ ಆದರೂ ಬಾಗಿಲು ತೆಗೆದಾಗ ಒಂದಿಷ್ಟು ಹೊಗೆ ಒಳಗೆ ಬಂದೇ ಬರುತ್ತದೆ. ಅಂಥವರು ಅದೇ ದುಡ್ಡಿಗೆ ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಮನೆಯೊಳಗೆ ತರುವ ಕರೆಂಟಿನ ಯಂತ್ರ) ವಿಚಾರಿಸಲಿ.

ಇಂತಿ,
ನಿಮ್ಮ ಓದುಗಿ
ನ್ಯಾಶುವಾ, ನ್ಯೂ ಹ್ಯಾಂಪ್‌ಷೈರ್